ಮನೆಗೆಷ್ಟು ಬಿಸಿಲು ಸಾಕು?

ವಿದ್ಯುಚ್ಛಕ್ತಿಯನ್ನು ಉತ್ಪತ್ತಿ ಮಾಡಿದವರ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಓದಿದ್ದೇವೆ. ಅದನ್ನು ರಾತ್ರಿಗೆಂದು, ನಾಳೆಗೆಂದು ಕೂಡಿಟ್ಟವರ ಕಥೆಯನ್ನು ಓದಿದವರು ಕಡಮೆ. ಈಗ ಪಟ್ಟಣಗಳಲ್ಲಿ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಕಿಸಿ, ಕೆಳಗೆ ಮೆಟ್ಟಿಲ ಸಂದಿಯಲ್ಲಿ ಬ್ಯಾಟರಿಯೊಂದನ್ನು ಇರಿಸುವ ಗೃಹಸ್ಥರು ಹೆಚ್ಚುತ್ತಿದ್ದಾರೆ. ಅಂಥವರು ಮೊದಲು ಕೇಳುವ ಮಾತು ಎರಡೇ: ಫಲಕ ಎಷ್ಟು ಬೇಕು? ಬ್ಯಾಟರಿ ಎಷ್ಟು ದೊಡ್ಡದಿರಬೇಕು? ಮಾರುವವನನ್ನು ಕೇಳಿದರೆ ದೊಡ್ಡದೇ ಒಳ್ಳೆಯದೆನ್ನುತ್ತಾನೆ. ನೆರೆಮನೆಯವರನ್ನು ಕೇಳಿದರೆ ತಾವು ಕೊಂಡಷ್ಟೇ ಸರಿಯೆನ್ನುತ್ತಾರೆ. ಲಕ್ಷಗಟ್ಟಲೆ ರೂಪಾಯಿಯ ಮಾತು ಇದಾದ್ದರಿಂದ, ಈ ಪ್ರಶ್ನೆಯನ್ನು ಹಿಂದಿನವರು ಹೇಗೆ ಬಿಡಿಸಿದರೆಂಬುದನ್ನು ನೋಡುವುದರಲ್ಲಿ ಸ್ವಾರಸ್ಯವೂ ಇದೆ, ಲಾಭವೂ ಇದೆ.

1859ರಲ್ಲಿ ಗ್ಯಾಸ್ಟನ್ ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು ಎರಡು ಸೀಸದ ಹಾಳೆಗಳನ್ನು ಸುರುಳಿ ಸುತ್ತಿ ಗಂಧಕಾಮ್ಲದಲ್ಲಿ ಮುಳುಗಿಸಿ, ಅವುಗಳಿಗೆ ವಿದ್ಯುತ್ತನ್ನು ತುಂಬಿ ಮತ್ತೆ ಹೊರತೆಗೆಯಬಹುದೆಂದು ತೋರಿಸಿದನು. ಅಲ್ಲಿಯ ತನಕ ಕೋಶವೆಂದರೆ ಒಮ್ಮೆ ಉರಿದು ಬೂದಿಯಾಗುವ ಸೌದೆಯಂತೆ. ಪ್ಲಾಂಟೆಯದು ಬರಿದಾದ ಮೇಲೆ ಮರಳಿ ತುಂಬುವ ಕಣಜ. ಆದರೆ ಅವನ ಕೋಶವನ್ನು ಹದಕ್ಕೆ ತರಬೇಕಾದರೆ ವಾರಗಟ್ಟಲೆ ತುಂಬಿಸಿ ಬರಿದುಮಾಡಬೇಕಾಗಿದ್ದಿತು. 1880ರ ಸುಮಾರಿಗೆ ಕಮೀಲ್ ಫೋರ್ ಎಂಬುವನು ಹಾಳೆಗೆ ಸೀಸದ ಭಸ್ಮದ ಲೇಪವನ್ನು ಬಳಿದು ಈ ಕಷ್ಟವನ್ನು ತಪ್ಪಿಸಿದನು. 1881ರಲ್ಲಿ ಅಂಥ ಕೋಶಗಳನ್ನು ತುಂಬಿದ ಒಂದು ಪೆಟ್ಟಿಗೆಯನ್ನು ಪ್ಯಾರಿಸ್ಸಿನಲ್ಲಿ ಚಾರ್ಜು ಮಾಡಿ, ಎಪ್ಪತ್ತೆರಡು ಗಂಟೆಗಳ ಪ್ರಯಾಣದಲ್ಲಿ ಗ್ಲಾಸ್ಗೋ ನಗರಕ್ಕೆ ಒಯ್ದು ಸರ್ ವಿಲಿಯಂ ಥಾಮ್ಸನ್ನರ ಕೈಗೆ ಒಪ್ಪಿಸಿದರು. ಲಾರ್ಡ್ ಕೆಲ್ವಿನ್ ಎಂದು ಮುಂದೆ ಹೆಸರಾದವರು ಇವರೇ. ಸುಮಾರು ಒಂದು ಘನ ಅಡಿಯ ಆ ಪೆಟ್ಟಿಗೆಯಲ್ಲಿ ಹತ್ತು ಲಕ್ಷ ಅಡಿ-ಪೌಂಡುಗಳ ಶಕ್ತಿ ಅಡಗಿದೆಯೆಂದು ಲಂಡನ್ನಿನ ಪತ್ರಿಕೆಗಳು ಬೆರಗಾಗಿ ಬರೆದವು. ಹತ್ತು ಲಕ್ಷವೆಂದರೆ ಯಾರಿಗೆ ತಾನೆ ಬೆರಗಾಗದು? ಅದನ್ನೇ ನಮ್ಮ ಮನೆಯ ಮೀಟರಿನ ಭಾಷೆಗೆ ತಿರುಗಿಸಿದರೆ ಒಂದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೆ. ಇಂದಿಗೂ ಬ್ಯಾಟರಿಯ ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಸಂಖ್ಯೆಗಳನ್ನು ಯೂನಿಟ್ಟಿಗೆ ಇಳಿಸಿ ನೋಡುವುದು ಕೊಳ್ಳುವವನ ಮೊದಲನೆಯ ಕೆಲಸ.

ಮನೆಯ ಅಳತೆಗೆ ಬ್ಯಾಟರಿಯನ್ನು ಹೊಂದಿಸಿದ ಮೊದಲಿಗರಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ನಗರದ ಚಾರ್ಲ್ಸ್ ಬ್ರಷ್ ಮುಖ್ಯನು. ಬೀದಿಗಳಿಗೆ ಆರ್ಕ್ ದೀಪಗಳನ್ನು ಹಾಕಿ ಹಣವಂತನಾದ ಈತನು 1888ರಲ್ಲಿ ತನ್ನ ಬಂಗಲೆಯ ಹಿತ್ತಲಿನಲ್ಲಿ ಒಂದು ಗಾಳಿಯಂತ್ರವನ್ನು ನಿಲ್ಲಿಸಿದನು. ಅರುವತ್ತು ಅಡಿ ಎತ್ತರದ ಗೋಪುರ. ಐವತ್ತಾರು ಅಡಿ ಅಗಲದ ಚಕ್ರ. ಅದಕ್ಕೆ ದೇವದಾರು ಜಾತಿಯ ಮರದ 144 ರೆಕ್ಕೆಗಳು. ಎಲ್ಲ ಸೇರಿ 12 ಕಿಲೊವಾಟ್ ಶಕ್ತಿ. ನೆಲಮಾಳಿಗೆಯಲ್ಲಿ ಹನ್ನೆರಡು ಸಾಲು ಬ್ಯಾಟರಿ. ಸಾಲಿಗೆ 34ರಂತೆ 408 ಕೋಶಗಳು. ಪ್ರತಿಯೊಂದು ಕೋಶವೂ 100 ಆಂಪಿಯರ್-ಗಂಟೆಯದು. ಮನೆಯಲ್ಲಿ 350 ದೀಪಗಳಿದ್ದುವು. ದಿನಬಳಕೆಯಲ್ಲಿದ್ದುದು ನೂರರಷ್ಟು ಮಾತ್ರ. ಗಾಳಿ ಬಿಸಿಲಲ್ಲ, ನಿಜ. ಆದರೆ ತಾನಾಗಿ ಬಂದು ತಾನಾಗಿ ಹೋಗುವ ಶಕ್ತಿಯನ್ನು ಹಿಡಿದಿಡುವ ಕಷ್ಟ ಎರಡಕ್ಕೂ ಒಂದೇ.

ಈ ಅಂಕಿಗಳನ್ನಿಟ್ಟುಕೊಂಡು ನಾವೇ ಲೆಕ್ಕ ಹಾಕೋಣ. ಒಂದು ಸೀಸದ ಕೋಶಕ್ಕೆ ಎರಡು ವೋಲ್ಟು. ನೂರು ಆಂಪಿಯರ್-ಗಂಟೆಯಿಂದ ಗುಣಿಸಿದರೆ 200 ವಾಟ್-ಗಂಟೆ. 408 ಕೋಶಗಳಿಗೆ ಸುಮಾರು 80 ಯೂನಿಟ್ಟು. ಅಬ್ಬ! ಇಂದಿನ ಮಧ್ಯಮ ವರ್ಗದ ಮನೆಯೊಂದು ಅರ್ಧ ತಿಂಗಳಿಗಿಂತ ಹೆಚ್ಚು ಕಾಲ ಬಳಸುವಷ್ಟು. ಆದರೆ ಬ್ರಷ್ಷನ ಮನೆಗೆ ಅದು ಎಷ್ಟು ದಿನಕ್ಕೆ ಬರುತ್ತಿತ್ತು? ಆ ಕಾಲದ ಇದ್ದಿಲೆಳೆಯ ದೀಪವು ಹದಿನಾರು ಮೇಣದ ಬತ್ತಿಗಳಷ್ಟು ಬೆಳಕಿಗೆ ಐವತ್ತೈದು ವಾಟ್‌ನಷ್ಟನ್ನು ನುಂಗುತ್ತಿತ್ತು. ನೂರು ದೀಪ ನಾಲ್ಕು ಗಂಟೆ ಉರಿದರೆ 22 ಯೂನಿಟ್ಟು. ಸೀಸದ ಕೋಶವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕುಗ್ಗುವುದರಿಂದ, ಕೈಗೆ ಬರುವುದು ನಲವತ್ತು ಯೂನಿಟ್ಟೆಂದಿಟ್ಟುಕೊಳ್ಳೋಣ. ಗಾಳಿಯಿಲ್ಲದಿದ್ದರೆ ಎರಡು ರಾತ್ರಿ. ಮೂರನೆಯ ರಾತ್ರಿ ಮೇಣದ ಬತ್ತಿ. ನಲವತ್ತು ಯೂನಿಟ್ಟಿನ ಉಗ್ರಾಣಕ್ಕೆ ಎರಡು ರಾತ್ರಿಯ ಬೆಳಕು! ಗಾಳಿ ಪುಕ್ಕಟೆಯೆಂದು ದೀಪವೂ ಪುಕ್ಕಟೆಯೆಂದು ತಿಳಿಯಬಾರದೆಂದು ಅಮೆರಿಕದ ವಿಜ್ಞಾನ ಪತ್ರಿಕೆಯೊಂದು 1890ರಲ್ಲಿಯೇ ಓದುಗರನ್ನು ಎಚ್ಚರಿಸಿತು.

ಈಗ ಅದೇ ಬೆಳಕನ್ನು ಇಂದಿನ ಎಲ್.ಇ.ಡಿ. ದೀಪದಿಂದ ಪಡೆಯಬೇಕಾದರೆ ಒಂದಕ್ಕೆ ಎರಡು ವಾಟ್ ಸಾಕು. ನೂರು ದೀಪಕ್ಕೆ ರಾತ್ರಿಯೊಂದಕ್ಕೆ ಒಂದು ಯೂನಿಟ್ಟೂ ಆಗದು. ಬ್ರಷ್ಷನ ನೆಲಮಾಳಿಗೆಯ ಅದೇ ಬ್ಯಾಟರಿ ಎರಡು ರಾತ್ರಿಯ ಬದಲು ಐವತ್ತು ರಾತ್ರಿ ಬಾಳುತ್ತಿತ್ತು. ಗಮನಿಸಬೇಕಾದ ಸಂಗತಿ ಇದು: ಬ್ಯಾಟರಿ ಹಿಗ್ಗಲಿಲ್ಲ, ದೀಪದ ಹಸಿವು ಕುಗ್ಗಿತು. ಮನೆಯ ವಿದ್ಯುತ್ ಶೇಖರಣೆಯ ಚರಿತ್ರೆಯಲ್ಲಿ ಅರ್ಧಕ್ಕೆ ಹೆಚ್ಚು ಭಾಗ ಈ ಹಸಿವು ಕುಗ್ಗಿದ ಕಥೆಯೇ ಎಂಬುದು ನನ್ನ ಅಭಿಪ್ರಾಯ.

ಬ್ರಷ್ಷನಂತಹ ಧನಿಕರಿಗೆ ಮಾತ್ರ ಸಾಧ್ಯವಿದ್ದುದನ್ನು 1916ರಿಂದ ಡೆಲ್ಕೊ-ಲೈಟ್ ಎಂಬ ಸಲಕರಣೆಯು ಅಮೆರಿಕದ ಒಕ್ಕಲಿಗರ ಮನೆಗೆ ತಂದಿತು. ಒಂದು ಪುಟ್ಟ ಎಂಜಿನ್ನು, ಗಾಜಿನ ಜಾಡಿಗಳಲ್ಲಿ ಹದಿನಾರು ಸೀಸದ ಕೋಶಗಳು, 32 ವೋಲ್ಟು. ವಾರಕ್ಕೆ ಕೆಲವು ಸಲ ಎಂಜಿನ್ನು ಓಡಿಸಿದರೆ ಉಳಿದ ವೇಳೆ ಬ್ಯಾಟರಿಯೇ ದೀಪ ಉರಿಸುತ್ತಿತ್ತು. ಸರಕಾರದ ತಂತಿ ಹಳ್ಳಿಗೆ ಬಂದ ಮೇಲೆ ಆ ಜಾಡಿಗಳು ಅಟ್ಟ ಸೇರಿದುವು.

ನಮ್ಮ ಮೈಸೂರು ಸೀಮೆಯಲ್ಲಿ ಚರಿತ್ರೆ ಬೇರೆ ದಾರಿ ಹಿಡಿಯಿತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ತಂತಿ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. ಆದರೆ ಕಾವೇರಿಯೂ ಬಿಸಿಲಿನಂತೆಯೇ, ಗಾಳಿಯಂತೆಯೇ; ಮಳೆಗಾಲದಲ್ಲಿ ಉಕ್ಕುವುದು, ಬೇಸಗೆಯಲ್ಲಿ ಸೊರಗುವುದು. ಗಣಿಗೆ ಮಾತು ಕೊಟ್ಟ ವಿದ್ಯುತ್ತನ್ನು ವರ್ಷವಿಡೀ ಒದಗಿಸಬೇಕಾದರೆ ನೀರನ್ನು ಕೂಡಿಡಲೇಬೇಕಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ವ್ಯವಸಾಯದ ಜೊತೆಗೆ ಇದೂ ಒಂದು ಕಾರಣ. ಕೃಷ್ಣರಾಜಸಾಗರವನ್ನು ಬೃಂದಾವನದ ಕಾರಂಜಿಗಳಿಗಾಗಿ ನೋಡಲು ಹೋಗುವ ನಮ್ಮಲ್ಲಿ ಎಷ್ಟು ಮಂದಿ ಅದನ್ನು ಒಂದು ಮಹಾ ಬ್ಯಾಟರಿಯೆಂದು ಭಾವಿಸಿದ್ದೇವೆ? ವಿಶ್ವೇಶ್ವರಯ್ಯನವರು ಅಲ್ಲಿ ಹಾಕಿದ ಲೆಕ್ಕವೂ, ಇಂದು ಗೃಹಸ್ಥನು ಮಾಳಿಗೆಗೆ ಹಾಕಬೇಕಾದ ಲೆಕ್ಕವೂ ಜಾತಿಯಲ್ಲಿ ಒಂದೇ: ಬರುವುದೆಷ್ಟು, ಬೇಕಾದುದೆಷ್ಟು, ಬಾರದ ದಿನಗಳೆಷ್ಟು.

ಈ ಪತ್ರಿಕೆಯನ್ನೋದುವವರು ರೇಡಿಯೊ ಇರುವ ಮನೆಯವರಾದ್ದರಿಂದ ಇನ್ನೊಂದು ಮಾತನ್ನು ಬಿಡುವಂತಿಲ್ಲ. ಕರೆಂಟಿಲ್ಲದ ಊರುಗಳಲ್ಲಿ ಹಿಂದೆ ವಾಲ್ವಿನ ರೇಡಿಯೊಗಳು ಬ್ಯಾಟರಿಯಿಂದಲೇ ನಡೆಯುತ್ತಿದ್ದುವು. ವಾಲ್ವಿನ ಎಳೆ ಕಾಯಿಸಲು ಒಂದು ಬ್ಯಾಟರಿ, ಅದರ ತಗಡಿಗೆ ಹೆಚ್ಚು ವೋಲ್ಟಿನ ಇನ್ನೊಂದು. ಚಾರ್ಜು ಇಳಿದರೆ ಆಮ್ಲ ತುಂಬಿದ ಆ ಭಾರವನ್ನು ಸೈಕಲ್ಲಿನ ಮೇಲಿಟ್ಟುಕೊಂಡು ಪೇಟೆಗೆ ಹೋಗಬೇಕು. ವಾರ್ತೆಗೆ ಮಾತ್ರ ಹಾಕಬೇಕು, ಸಂಗೀತಕ್ಕೆ ಬೇಡ ಎಂದು ಮನೆಯ ಹಿರಿಯರು ಕಟ್ಟು ಮಾಡುತ್ತಿದ್ದುದುಂಟು. ಬ್ಯಾಟರಿಯನ್ನು ಅಳೆದು ಬಳಸುವ ವಿದ್ಯೆ ನಮ್ಮವರಿಗೆ ಹೊಸದಲ್ಲವೆಂಬುದಕ್ಕೆ ಇದೇ ಸಾಕ್ಷಿ. ಆಮೇಲೆ ಟ್ರಾನ್ಸಿಸ್ಟರ್ ಬಂದಿತು. ಅದೇ ಸುದ್ದಿ, ಅದೇ ಹಾಡು, ನಾಲ್ಕು ಟಾರ್ಚ್ ಸೆಲ್ಲುಗಳಲ್ಲಿ ವಾರಗಟ್ಟಲೆ ನಡೆಯಿತು. ಇಲ್ಲಿಯೂ ಕುಗ್ಗಿದುದು ಹಸಿವೇ.

ಟ್ರಾನ್ಸಿಸ್ಟರು ಹುಟ್ಟಿದ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿಯೇ ಸಿಲಿಕಾನಿನ ಸೌರಕೋಶವೂ ಹುಟ್ಟಿತು. ಬೆಳಕಿನಿಂದ ವಿದ್ಯುತ್ತು ಹುಟ್ಟುವುದನ್ನು 1839ರಲ್ಲಿ ಎಡ್ಮಂಡ್ ಬೆಕೆರೆಲ್ ಕಂಡಿದ್ದನು. 1883ರಲ್ಲಿ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಮ್ಮಿನ ಕೋಶ ಮಾಡಿದ್ದನು. ಅದು ನೂರು ಪಾಲು ಬಿಸಿಲಿನಲ್ಲಿ ಒಂದು ಪಾಲನ್ನು ಕೊಟ್ಟರೆ ಹೆಚ್ಚು. ಬೆಲ್ ಸಂಸ್ಥೆಯ ಡ್ಯಾರಿಲ್ ಚೇಪಿನ್ನನ ಮುಂದಿದ್ದ ಸಮಸ್ಯೆ ಬಹಳ ಸಾಮಾನ್ಯವಾದುದು: ಉಷ್ಣವಲಯದ ತೇವದ ಹವೆಯಲ್ಲಿ ಟೆಲಿಫೋನಿನ ಒಣ ಕೋಶಗಳು ಬೇಗ ಕೆಡುತ್ತಿದ್ದುವು; ಬೇರೆ ಏನನ್ನು ಇಡೋಣ? ಪಿಯರ್ಸನ್, ಫುಲ್ಲರ್ ಎಂಬ ಜೊತೆಗಾರರೊಡನೆ ದುಡಿದು ನೂರಕ್ಕೆ ಆರು ಪಾಲನ್ನು ಕೊಡುವ ಕೋಶವನ್ನು ಅವನು ಸಿದ್ಧಪಡಿಸಿದನು. 1954ರ ಏಪ್ರಿಲ್ 25ರಂದು ಅದನ್ನು ಲೋಕಕ್ಕೆ ತೋರಿಸಿದರು. ಮರುದಿನ ವಾಷಿಂಗ್ಟನ್ನಿನಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಬಿಸಿಲಿನಿಂದಲೇ ನಡೆಯುವ ರೇಡಿಯೊ ಪ್ರಸಾರಯಂತ್ರದಿಂದ ಮಾತನ್ನೂ ಸಂಗೀತವನ್ನೂ ಕೇಳಿಸಿದರು.

ಪತ್ರಿಕೆಗಳು ಇನ್ನೇನು ಮನೆಮನೆಗೂ ಸೂರ್ಯನ ಕರೆಂಟು ಬಂದೇಬಿಟ್ಟಿತೆಂದು ಬರೆದಾಗ, ಕಾಗದ ಪೆನ್ಸಿಲು ಹಿಡಿದು ಕುಳಿತವನು ಚೇಪಿನ್ ಒಬ್ಬನೇ. ಒಂದು ವಾಟ್ ಕೊಡುವ ಕೋಶಕ್ಕೆ ಆಗ 286 ಡಾಲರ್ ಬೀಳುತ್ತಿತ್ತು. ಸಾಧಾರಣ ಅಮೆರಿಕನ್ ಮನೆಗೆ ಬೇಕಾಗುವ ಫಲಕಗಳಿಗೆ 14 ಲಕ್ಷ 30 ಸಾವಿರ ಡಾಲರ್ ಆಗುವುದೆಂದು 1956ರಲ್ಲಿ ಅವನು ಲೆಕ್ಕ ತೆಗೆದನು. ಭಾಗಿಸಿ ನೋಡಿದರೆ ಐದು ಕಿಲೊವಾಟ್. ಮಾಳಿಗೆಯ ಸೌರವಿದ್ಯುತ್ತಿನ ಅಂದಾಜುಪಟ್ಟಿಗಳಲ್ಲಿ ಇದನ್ನು ಆದಿಮವೆನ್ನಬಹುದು. ಇಂದು ಒಂದು ವಾಟ್ ಫಲಕ ಒಂದು ಡಾಲರಿಗೂ ಕಡಮೆಗೆ ದೊರೆಯುತ್ತದೆ. ಆದರೆ ಐದು ಕಿಲೊವಾಟ್ ಎಂಬ ಅವನ ಅಂದಾಜು ಮಾತ್ರ ಇವತ್ತಿಗೂ ದೊಡ್ಡ ಮನೆಯೊಂದಕ್ಕೆ ತಕ್ಕುದಾಗಿದೆ.

ಅಷ್ಟರೊಳಗೆ, 1955ರ ಅಕ್ಟೋಬರಿನಲ್ಲಿ, ಜಾರ್ಜಿಯಾ ಪ್ರಾಂತದ ಅಮೆರಿಕಸ್ ಎಂಬ ಊರಿನ ಬಳಿ ಟೆಲಿಫೋನ್ ಕಂಬವೊಂದರ ತುದಿಗೆ 432 ಕೋಶಗಳ ಫಲಕವನ್ನು ಏರಿಸಿ, ಹಗಲು ಬ್ಯಾಟರಿ ತುಂಬಿಸಿ ರಾತ್ರಿ ಅದರಿಂದಲೇ ಹಳ್ಳಿಯ ಲೈನನ್ನು ನಡೆಸಿದ್ದರು. ಫಲಕ ಕೆಲಸ ಮಾಡಿತು, ಕರೆ ಹೋಯಿತು. ಆದರೆ ಖರ್ಚು ಗಿಟ್ಟಲಿಲ್ಲವೆಂದು ಕೆಲವೇ ತಿಂಗಳಲ್ಲಿ ಕೈಬಿಟ್ಟರು. ಖರ್ಚನ್ನು ಲೆಕ್ಕಿಸದ ಒಂದೇ ಜಾಗ ಆಕಾಶ. 1958ರ ಮಾರ್ಚಿನಲ್ಲಿ ಹಾರಿದ ವ್ಯಾನ್‌ಗಾರ್ಡ್-1 ಉಪಗ್ರಹದಲ್ಲಿ ಎರಡು ಪ್ರಸಾರಯಂತ್ರಗಳಿದ್ದುವು. ಬ್ಯಾಟರಿಯದು ಜೂನಿಗೆ ಮೂಕವಾಯಿತು. ಆರು ಸೌರಕೋಶಗಳದು 1964ರವರೆಗೆ ಮಾತಾಡಿತು. ನಮ್ಮ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ಮುಂದಾಳುತನದಲ್ಲಿ ತಯಾರಾದ ಆರ್ಯಭಟ 1975ರ ಏಪ್ರಿಲ್ 19ರಂದು ಮೇಲೇರಿದಾಗ, ಅದರ ಇಪ್ಪತ್ತಾರು ಮುಖಗಳ ಮೈಗೆ ಹೊದಿಸಿದ ಸೌರಫಲಕಗಳಿಂದ ಸಿಗುತ್ತಿದ್ದುದು 46 ವಾಟ್. ಭೂಮಿಯ ನೆರಳಿನೊಳಗೆ ಹೋದಾಗ ನಿಕಲ್-ಕ್ಯಾಡ್ಮಿಯಮ್ ಬ್ಯಾಟರಿ. ನಾಲ್ಕೇ ದಿನಗಳಲ್ಲಿ ವಿದ್ಯುತ್ ಸರಬರಾಜಿನ ದೋಷದಿಂದ ಅದರ ವಿಜ್ಞಾನ ಪ್ರಯೋಗಗಳು ನಿಂತುಹೋದುವು. ಬಿಸಿಲಿಗೆ ಆಕಾಶದಲ್ಲಿ ಬರವಿರಲಿಲ್ಲ. ಬಿಸಿಲನ್ನು ಹಿಡಿಯುವುದು ಒಂದು ವಿದ್ಯೆ, ಹಿಡಿದುದನ್ನು ತಪ್ಪದೆ ಹಂಚುವುದು ಬೇರೊಂದು ವಿದ್ಯೆ. ಮನೆಗಳಲ್ಲಿಯೂ ಫಲಕಕ್ಕಿಂತ ಮೊದಲು ಕೈಕೊಡುವುದು ಹಂಚುವ ಯಂತ್ರ ಮತ್ತು ಬ್ಯಾಟರಿಗಳೇ.

1980ರ ಹೊತ್ತಿಗೆ ಅಮೆರಿಕದ ಕಾರ್ಲೈಲ್ ಎಂಬಲ್ಲಿ ಏಳು ಕಿಲೊವಾಟ್‌ಗೂ ಮೀರಿದ ಫಲಕಗಳ ಒಂದು ಮನೆಯನ್ನು ಕಟ್ಟಿದರು. ಅದರ ಉಪಾಯ ಹೊಸದು: ಮಿಕ್ಕ ವಿದ್ಯುತ್ತನ್ನು ಬೀದಿಯ ತಂತಿಗೆ ಬಿಡುವುದು, ರಾತ್ರಿ ಅಲ್ಲಿಂದಲೇ ಪಡೆಯುವುದು. ಬೀದಿಯೇ ಬ್ಯಾಟರಿ! 1990ರಲ್ಲಿ ಜರ್ಮನಿಯು ಸಾವಿರ ಮಾಡುಗಳಿಗೆ ಈ ಏರ್ಪಾಡನ್ನು ಮಾಡಿ, 2000ದಲ್ಲಿ ಮನೆಯವರು ಬಿಟ್ಟ ವಿದ್ಯುತ್ತಿಗೆ ಕಟ್ಟಿಟ್ಟ ಬೆಲೆ ಕೊಡುವ ಕಾನೂನು ತಂದಿತು. ಬೇಡಿಕೆ ಬೆಳೆಯಿತು, ಕಾರ್ಖಾನೆಗಳು ಬೆಳೆದುವು, ಬೆಲೆ ಇಳಿಯಿತು. ಕರ್ನಾಟಕದಲ್ಲಿಯೂ 2014ರ ಸೌರನೀತಿಯಿಂದೀಚೆಗೆ ಈ ಕೊಡುಕೊಳ್ಳುವಿಕೆಗೆ ದಾರಿಯಾಯಿತು.

ಇಲ್ಲೊಂದು ಸಂಗತಿಯನ್ನು ಕೊಂಡವರಲ್ಲಿ ಹಲವರು ತಡವಾಗಿ ತಿಳಿಯುತ್ತಾರೆ. ಬೀದಿಯ ತಂತಿಗೆ ಸೇರಿಸಿದ, ಬ್ಯಾಟರಿಯಿಲ್ಲದ ಸೌರಮಾಡು ಕರೆಂಟು ಹೋದೊಡನೆ ತಾನೂ ನಿಂತುಬಿಡುತ್ತದೆ. ನಡುಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಮಾಳಿಗೆಯ ತುಂಬ ಫಲಕ, ಮನೆಯಲ್ಲಿ ಫ್ಯಾನು ತಿರುಗದು! ಇದು ದೋಷವಲ್ಲ. ಲೈನ್‌ಮನ್ ಕಂಬ ಹತ್ತಿ ತಂತಿ ಹಿಡಿದಿರುವಾಗ ನಮ್ಮ ಮಾಡಿನಿಂದ ಅದರೊಳಕ್ಕೆ ವಿದ್ಯುತ್ತು ಹರಿದರೆ ಅವನ ಪ್ರಾಣಕ್ಕೆ ಸಂಚಕಾರ. ಆದ್ದರಿಂದ ಕರೆಂಟು ಹೋದಾಗಲೂ ದೀಪ ಬೇಕೆನ್ನುವವನು, ಮನೆಯನ್ನು ಬೀದಿಯಿಂದ ಬೇರ್ಪಡಿಸಿ ಬ್ಯಾಟರಿಗೆ ಹೊಂದಿಸುವ ಇನ್ವರ್ಟರನ್ನು ಮೊದಲೇ ಕೇಳಿ ಪಡೆಯಬೇಕು.

ಜರ್ಮನಿಯಲ್ಲಿ ಮಾಡುಗಳು ತುಂಬುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಬೇರೆಯೇ ಲೆಕ್ಕ ನಡೆದಿತ್ತು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೊ ಸಂಸ್ಥೆಯು ಎರಡು ದೀಪ, ನಾಲ್ಕು ದೀಪಗಳ ಸಣ್ಣ ಏರ್ಪಾಡುಗಳನ್ನು ಬ್ಯಾಂಕಿನ ಸಾಲದ ಮೂಲಕ ಬಡವರ ಮನೆಗೆ ತಲುಪಿಸಿತು. ಅದರ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂದಿತು. ಅಡಿಗೆಮನೆಗೆ ಎಷ್ಟು ಬೆಳಕು, ಮಕ್ಕಳ ಓದಿಗೆ ಎಷ್ಟು ಗಂಟೆ ಎಂದು ಕೇಳಿ ತಿಳಿದು, ಅಷ್ಟಕ್ಕೇ ಫಲಕ ಕೊಡುವುದು ಅವರ ಕ್ರಮ. ಪಟ್ಟಣಿಗರು ಕಲಿಯಬೇಕಾದ ಕ್ರಮವೆಂದರೆ ತಪ್ಪಾಗದು.

ಬ್ಯಾಟರಿಯ ಕಡೆಗೂ ಹೊಸ ಗಾಳಿ ಬೀಸಿತು. 1991ರಲ್ಲಿ ಸೋನಿ ಸಂಸ್ಥೆ ಲಿಥಿಯಮ್-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ಮನೆಯ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು 1997ರಲ್ಲಿ ಟೆಕ್ಸಸ್ಸಿನಿಂದ ಪ್ರಕಟವಾದ ಒಂದು ಲೇಖನ. ಕಬ್ಬಿಣ ಮತ್ತು ಫಾಸ್ಫೇಟನ್ನು ಬಳಸಿದ, ಸುಲಭವಾಗಿ ಬೆಂಕಿಗೆ ಗುರಿಯಾಗದ ಲಿಥಿಯಮ್ ಬ್ಯಾಟರಿಗೆ ಅದೇ ಬುನಾದಿ. ಬರೆದವರು ಪಾಧಿ, ನಂಜುಂಡಸ್ವಾಮಿ, ಗುಡ್‌ಇನಫ್. ಗುಡ್‌ಇನಫ್‌ಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ನಡುವಿನ ಹೆಸರು ನಮ್ಮ ಕಿವಿಗೆ ಎಷ್ಟು ಹತ್ತಿರದ್ದೆಂದು ಬೇರೆ ಹೇಳಬೇಕಾಗಿಲ್ಲ. ಸೀಸದ ಬ್ಯಾಟರಿಯಲ್ಲಿ ಅರ್ಧವನ್ನು ಮುಟ್ಟದೆ ಉಳಿಸಬೇಕಾದರೆ, ಇದರಲ್ಲಿ ನೂರಕ್ಕೆ ಎಂಬತ್ತು ಪಾಲನ್ನಾದರೂ ಬಳಸಬಹುದು.

ಈಗ ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕರೆಂಟು ನಾಲ್ಕು ಗಂಟೆ ಹೋಗುತ್ತದೆಂದಿಟ್ಟುಕೊಳ್ಳಿ. ಆರು ದೀಪಕ್ಕೆ 54 ವಾಟ್, ಹಳೆಯ ಮಾದರಿಯ ಎರಡು ಫ್ಯಾನಿಗೆ 150, ದೂರದರ್ಶನಕ್ಕೆ 60, ಇಂಟರ್‌ನೆಟ್ಟಿನ ಪೆಟ್ಟಿಗೆಗೆ 10, ಒಟ್ಟು 274. ನಾಲ್ಕು ಗಂಟೆಗೆ 1.1 ಯೂನಿಟ್ಟು, ಇನ್ವರ್ಟರು ತಿನ್ನುವ ಪಾಲನ್ನು ಸೇರಿಸಿದರೆ ಸುಮಾರು 1.3. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿರುವುದು 1.8, ಅರ್ಧ ಮಾತ್ರ ಬಳಸುವುದಾದರೆ 0.9. ಸಾಲದು. ಎರಡನೆಯ ಬ್ಯಾಟರಿ ತೆಗೆದುಕೊಳ್ಳಿ ಎನ್ನುತ್ತಾನೆ ಅಂಗಡಿಯವನು. ಅದರ ಬದಲು ಫ್ಯಾನುಗಳನ್ನು ಮೂವತ್ತು ವಾಟ್‌ನ ಹೊಸ ಮಾದರಿಗೆ ಬದಲಾಯಿಸಿದರೆ ಒಟ್ಟು 184 ವಾಟ್. ನಾಲ್ಕು ಗಂಟೆಗೆ, ನಷ್ಟವೂ ಸೇರಿ, 0.87. ಅದೇ ಬ್ಯಾಟರಿ ಸಾಕಾಯಿತು!

ಫಲಕದ ಲೆಕ್ಕ ಇನ್ನೂ ಸುಲಭ. ನಮ್ಮ ಬಯಲುಸೀಮೆಯಲ್ಲಿ ಒಂದು ಕಿಲೊವಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಕೊಡುತ್ತದೆ; ಓಡಾಡುವ ಜಾಗವೂ ಸೇರಿ ನೂರು ಚದರಡಿ ಮಾಳಿಗೆ ಬೇಕು. ತಿಂಗಳಿಗೆ 120 ಯೂನಿಟ್ಟು ಬಳಸುವ ಮನೆಗೆ ಒಂದು ಕಿಲೊವಾಟ್ ಸರಾಸರಿಗೆ ಸರಿ. ಆದರೆ ಸರಾಸರಿಯನ್ನು ನಂಬಿದವನು ಆಷಾಢದಲ್ಲಿ ಕೆಟ್ಟಾನು. ಮಲೆನಾಡಿನಲ್ಲಿ ಆ ದಿನಗಳ ಉತ್ಪತ್ತಿ ಅರ್ಧಕ್ಕೆ ಇಳಿಯುವುದುಂಟು. ಬೀದಿಯ ತಂತಿ ಇರುವ ಮನೆಯವರು ಇದನ್ನು ಲೆಕ್ಕಿಸಬೇಕಾಗಿಲ್ಲ. ತಂತಿಯಿಲ್ಲದ ತೋಟದ ಮನೆಯವರು ಮಳೆಗಾಲದ ಉತ್ಪತ್ತಿಯನ್ನೇ ಆಧಾರವಾಗಿಟ್ಟು ಫಲಕವನ್ನು ಇಮ್ಮಡಿಸಿ, ಬ್ಯಾಟರಿಯನ್ನು ಎರಡು ಮೂರು ದಿನಗಳಿಗೆ ಇಟ್ಟುಕೊಳ್ಳಬೇಕು. ಬ್ರಷ್ಷನ ಎರಡು ರಾತ್ರಿಗಳ ಲೆಕ್ಕ ಅಲ್ಲಿ ಮತ್ತೆ ಬರುತ್ತದೆ.

2024ರಲ್ಲಿ ಕೇಂದ್ರ ಸರಕಾರವು ಪ್ರಕಟಿಸಿದ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೊವಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರಕ್ಕೂ ಅದರ ಮೇಲ್ಪಟ್ಟುದಕ್ಕೂ 78 ಸಾವಿರ ರೂಪಾಯಿ ಸಹಾಯಧನವನ್ನು ಗೊತ್ತುಮಾಡಿದರು. ಇದನ್ನು ಕಂಡು ಬೇಡದಿದ್ದರೂ ಮೂರು ಕಿಲೊವಾಟ್ ಹಾಕಿಸಲು ಹೊರಟವರುಂಟು. ಆದರೆ ಕರ್ನಾಟಕದಲ್ಲಿ 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯ ಪ್ರಕಾರ, ತಿಂಗಳಿಗೆ 200 ಯೂನಿಟ್ಟಿನೊಳಗೆ ತನ್ನ ಹಿಂದಿನ ಸರಾಸರಿಯ ಮಿತಿಯಲ್ಲಿ ಬಳಸುವ ಮನೆಗೆ ಬಿಲ್ಲೇ ಇಲ್ಲ. ಅಂಥ ಮನೆಯಲ್ಲಿ ಫಲಕ ಉಳಿಸುವುದಾದರೂ ಏನನ್ನು? ಅವರ ಕಷ್ಟ ಬಿಲ್ಲಿನದಲ್ಲ, ಸಂಜೆಯ ಕತ್ತಲೆಯದು. ಅದಕ್ಕೆ ಮಾಳಿಗೆಯ ತುಂಬ ಫಲಕಕ್ಕಿಂತ ಒಳ್ಳೆಯ ಬ್ಯಾಟರಿಯೊಂದು, ಎರಡು ಹೊಸ ಫ್ಯಾನು ಹೆಚ್ಚು ಉಪಕಾರಿ. ಪಂಪು, ಗೀಸರು, ಹವಾನಿಯಂತ್ರಣಗಳಿಂದ ನಾನೂರು ಐನೂರು ಯೂನಿಟ್ಟು ಮುಟ್ಟುವವರ ಲೆಕ್ಕ ಬೇರೆ. ಅವರಿಗೆ ಮೂರು ಕಿಲೊವಾಟ್ ದುಬಾರಿಯಲ್ಲ. ತಾವು ಯಾವ ಗುಂಪಿನವರೆಂದು ತಿಳಿಯಬೇಕಾದರೆ ಬಿಲ್ಲೊಂದೇ ಸಾಲದು. ಒಂದು ವಾರ ಸೂರ್ಯ ಮುಳುಗಿದಾಗ ಒಮ್ಮೆ, ಬೆಳಗ್ಗೆ ಹಾಲು ಬರುವ ಹೊತ್ತಿಗೆ ಒಮ್ಮೆ ಮೀಟರಿನ ಅಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟರೆ, ಹಗಲಿನ ಖರ್ಚೂ ರಾತ್ರಿಯ ಖರ್ಚೂ ಬೇರೆಬೇರೆಯಾಗಿ ಕಣ್ಣಿಗೆ ಬೀಳುತ್ತದೆ. ಮೊದಲನೆಯದು ಫಲಕದ ಅಳತೆ, ಎರಡನೆಯದು ಬ್ಯಾಟರಿಯದು.